ಇಟಲಿಯ ಮನೆತನದ ಹೆಸರು ಯಾವ ಪ್ರದೇಶದ್ದು ಅಂತ ಪತ್ತೆ ಹಚ್ಚುವುದು ಹೇಗೆ?

ಮೊದಲು ಹೆಸರಿನ ಕೊನೆ ನೋಡಿ. ಟ್ರೆವಿಸಾನ್, ಬೆನೆಟ್ಟನ್ ಹಾಗೆ 'ನ್' ಎಂದು ಮುಗಿದರೆ ಹೆಚ್ಚಾಗಿ ವೆನೆಟೊ ಕಡೆಯದು. ಪಿರಾಸ್, ಸನ್ನಾ ಎಂದರೆ ಸಾರ್ಡಿನಿಯಾ. ಕೆಂಪು ಕೂದಲಿನಿಂದ ಬಂದ ಹೆಸರು ಉತ್ತರದಲ್ಲಿ ರೊಸ್ಸಿ, ದಕ್ಷಿಣದಲ್ಲಿ ರುಸ್ಸೊ.

ನನ್ನ ಮನಸ್ಸು ಕಲಕುವ ಹೆಸರು ಎಸ್ಪೊಸಿಟೊ. ನೇಪಲ್ಸ್‌ನ ಅನ್ನುಂಜಿಯಾಟಾ ಅನಾಥಾಲಯದ ಗೋಡೆಯಲ್ಲಿ ತಿರುಗುವ ಪೆಟ್ಟಿಗೆಯೊಂದಿತ್ತು. ಸಾಕಲಾಗದವರು ಕೂಸನ್ನು ಅದರಲ್ಲಿಟ್ಟು ಹೋಗುತ್ತಿದ್ದರು. 1875ರಲ್ಲಿ ಅದನ್ನು ಮುಚ್ಚಿದರು. ಹೀಗೆ ಬಿಟ್ಟುಹೋದ ಮಕ್ಕಳಿಗೆ ಕೊಡುತ್ತಿದ್ದ ಹೆಸರಿದು. ಇಂದಿಗೂ ನೇಪಲ್ಸ್ ಸುತ್ತ ಬಹಳ ಕೇಳಿಬರುತ್ತದೆ. ಮಿಲಾನಿನಲ್ಲಿ ಅಂಥ ಮಕ್ಕಳು ಕೊಲಂಬೊ ಆದರು. ಹಾಗಾಗಿ ಒಂದೇ ಹೆಸರಿನವರೆಲ್ಲ ಬಂಧುಗಳು ಅಂತ ಸುಮ್ನೆ ನಂಬಬೇಡಿ.

ಯಾವ ಹೆಸರು ಎಲ್ಲಿ ಜಾಸ್ತಿ ಎಂದು ತಿಳಿಯಲು ಕಾಗ್ನೊಮಿಕ್ಸ್ ಜಾಲತಾಣದ ನಕ್ಷೆ ಇದೆ. ಆದರೆ 1950ರ ದಶಕದಿಂದ ದಕ್ಷಿಣದ ಲಕ್ಷಾಂತರ ಜನ ಕೆಲಸ ಹುಡುಕಿ ಟ್ಯುರಿನ್, ಮಿಲಾನ್‌ಗೆ ಹೋದರು. ಅದಕ್ಕೇ ದೊಡ್ಡ ನಗರಗಳನ್ನು ಬಿಟ್ಟು ಸಣ್ಣ ಊರುಗಳನ್ನು ಗಮನಿಸಿ. ಹಳೆಯ ದಾಖಲೆಗಳಿಗೆ ಇಟಲಿಯ ಸರ್ಕಾರಿ ಪತ್ರಾಗಾರಗಳ 'ಆಂತೆನಾತಿ' ತಾಣ ನೋಡಿ, ಉಚಿತ. ನೇಪಲ್ಸ್ ರಾಜ್ಯದಲ್ಲಿ ಜನನ ನೋಂದಣಿ ಶುರುವಾದದ್ದು 1809ರಲ್ಲಿ, ಸಿಸಿಲಿಯಲ್ಲಿ 1820ರಲ್ಲಿ. ಅದಕ್ಕೂ ಹಿಂದಕ್ಕೆ ಹೋಗಬೇಕೆಂದರೆ ಆಯಾ ಊರಿನ ಚರ್ಚಿನ ಪುಸ್ತಕಗಳನ್ನೇ ಹುಡುಕಬೇಕು.