ಗೋಡೆ ಹತ್ತಿ ಪಳಗಿದವರು ಕೊಡಗಿನ ಬಂಡೆ ಹತ್ತಬಹುದೇ?

ಬೆಂಗಳೂರಿನಲ್ಲಿ ಒಂದು ವರ್ಷ ಕೃತಕ ಗೋಡೆ ಹತ್ತಿದ್ದೀರಿ, ಕೊಡಗಿನ ಬಂಡೆಗೆ ಅಷ್ಟು ಸಾಕೇ ಎಂದು ಕೇಳಿದ್ದೀರಿ. ತೋಳಿಗೆ ಸಾಕು, ಕಣ್ಣಿಗೂ ಪಾದಕ್ಕೂ ಸಾಲದು.

ಗೋಡೆಯಲ್ಲಿ ಬಣ್ಣದ ಹಿಡಿಗಳೇ ದಾರಿ ತೋರಿಸಿಬಿಡುತ್ತವೆ. ಯಾರು ಬೇಗ ಹತ್ತುತ್ತಾರೆಂಬ ಸ್ಪರ್ಧೆಯ ಸ್ಪೀಡ್ ಗೋಡೆಯಂತೂ ಜಗತ್ತಿನಾದ್ಯಂತ ಒಂದೇ: 15 ಮೀಟರ್ ಎತ್ತರ, 5 ಡಿಗ್ರಿ ಮುಂದಕ್ಕೆ ಬಾಗು, ಅವೇ ಹಿಡಿಗಳು ಅದೇ ಜಾಗದಲ್ಲಿ. ಬಂಡೆಯಲ್ಲಿ ದಾರಿ ನೀವೇ ಹುಡುಕಬೇಕು. ಇಳಿಜಾರು ಬಂಡೆಯಲ್ಲಿ ಎಷ್ಟೋ ಸಲ ಹಿಡಿಯೇ ಇರುವುದಿಲ್ಲ. ಹಿಮ್ಮಡಿ ತಗ್ಗಿಸಿ, ಶೂವಿನ ರಬ್ಬರ್ ಒತ್ತಿ, ಆ ಘರ್ಷಣೆಯನ್ನೇ ನಂಬಿ ಏರಬೇಕು. ಗೋಡೆಯಲ್ಲಿ ಕಲಿತವರು ಹೆದರಿ ಬಂಡೆಯನ್ನು ತಬ್ಬಿಕೊಳ್ಳುತ್ತಾರೆ, ಕಾಲು ಜಾರುವುದು ಆಗಲೇ. ಕಲ್ಲಿನ ಚಕ್ಕೆಯನ್ನು ಹಿಡಿದು ಜಗ್ಗುವ ಮೊದಲು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಆ ಚಕ್ಕೆ ಕೈಗೇ ಕಿತ್ತು ಬರಬಹುದು.

ನಮ್ಮ ಕೊಡಗಿನಲ್ಲಿ ಮಳೆಯ ಲೆಕ್ಕವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯ ಮೈತುಂಬ ಪಾಚಿ. ಮಳೆ ನಿಂತ ಮೇಲೂ ಬಿರುಕುಗಳಲ್ಲಿ ನೀರು ಒಸರುತ್ತಲೇ ಇರುತ್ತದೆ. ಒಣಗಿದ ಪಾಚಿ ಕೂಡ ಶೂವಿನಡಿ ಪುಡಿಯಾಗಿ ಜಾರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆದರೂ ಮೊದಲು ಕೆಳಗೆ ನಿಂತು ಬಂಡೆಯನ್ನೆಲ್ಲ ನೋಡಿ, ಹೆಜ್ಜೇನು ಕಟ್ಟಿದ್ದರೆ ದಯವಿಟ್ಟು ಹಿಂತಿರುಗಿ. ಹಗ್ಗದ ಮೇಲೆ ನೇತಾಡುವವನು ಓಡಿ ತಪ್ಪಿಸಿಕೊಳ್ಳಲಾರ.

ಗೋಡೆಯಲ್ಲಿ ಹಗ್ಗ ಸಿಕ್ಕಿಸಲು ಬೋಲ್ಟ್‌ಗಳು ಮೊದಲೇ ಇರುತ್ತವೆ. ಇಲ್ಲಿನ ಬೆಟ್ಟಗಳಲ್ಲಿ ಹಾಗೆಂದುಕೊಂಡು ಹೊರಡಬೇಡಿ. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಮೊದಲು ರಾಮನಗರದ ಗ್ರಾನೈಟ್ ಮೇಲೆ, ಅನುಭವಿಗಳ ಜೊತೆ, ಮೇಲಿನಿಂದ ಹಗ್ಗ ಕಟ್ಟಿಸಿಕೊಂಡು ಪಾದ ಪಳಗಿಸಿ, ಆಮೇಲೆ ಇತ್ತ ಬನ್ನಿ.