ನೆನಪಿನ ಗಿಡ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ಅವರಿಗೆ ಸಂಪಿಗೆ ಹೂವೆಂದರೆ ಪ್ರಾಣ. ಅಸ್ಥಿಯನ್ನು ಗೋಕರ್ಣದಲ್ಲಿ ಬಿಟ್ಟು ಬಂದೆವು, ಸ್ವಲ್ಪ ಬೂದಿ ಮನೆಯಲ್ಲೇ ಉಳಿದಿದೆ. ಹತ್ತಿರದ ಪಾಲಿಕೆ ಉದ್ಯಾನದಲ್ಲಿ ಸಂಪಿಗೆ ಗಿಡ ನೆಟ್ಟು ಅದರ ಬುಡಕ್ಕೆ ಆ ಬೂದಿ ಹಾಕಬೇಕೆಂದು ಅಮ್ಮನ ಆಸೆ. ಹಾಕಬಹುದೇ? (ಡೊಂಬಿವಲಿ)

ಉತ್ತರ: ಒಂದು ಹಿಡಿ ಹಾಕಬಹುದು, ಅದಕ್ಕಿಂತ ಹೆಚ್ಚು ಬೇಡ. ಬೂದಿ ಒಳ್ಳೆಯ ಗೊಬ್ಬರವೆಂಬ ಮಾತು ಒಲೆಯ ಬೂದಿಗೆ ಒಂದು ಮಟ್ಟಿಗೆ ಒಪ್ಪುತ್ತದೆ. ಚಿತೆಯ ಬೂದಿಯಲ್ಲಿ ಮೂಳೆಯ ಸುಣ್ಣಾಂಶವೂ ಉಪ್ಪೂ ಜಾಸ್ತಿ, ಕ್ಷಾರವೂ ಜಾಸ್ತಿ. ಬೇರಿಗೆ ನೇರವಾಗಿ ತಗುಲಿದರೆ ಉಪ್ಪು ಬೇರಿನ ತುದಿಯನ್ನು ಸುಡುತ್ತದೆ. ಮಣ್ಣು ಕ್ಷಾರವಾದಾಗ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ನಿಲ್ಲುತ್ತದೆ. ಸಂಪಿಗೆಗೆ ತುಸು ಹುಳಿ ಮಣ್ಣೇ ಹಿತ, ಹಾಗಾಗಿ ಇನ್ನೂ ಎಚ್ಚರ ಬೇಕು. ಆ ಒಂದು ಹಿಡಿಯನ್ನು ಒಂದು ಬುಟ್ಟಿ ಕಾಂಪೋಸ್ಟ್‌ನಲ್ಲಿ ಬೆರೆಸಿ, ಗುಂಡಿಯ ಅಂಚಿನ ಮಣ್ಣಿಗೆ ಸೇರಿಸಿ. ಬೇರಿನ ಹೆಂಟೆಯ ಕೆಳಗೆ ಮಾತ್ರ ಹಾಕಬೇಡಿ. ಉದ್ಯಾನದ ಮೇಲ್ವಿಚಾರಕರಿಗೆ ಮೊದಲೇ ತಿಳಿಸಿಯೇ ಹಾಕಿ. ಮಿಕ್ಕ ಬೂದಿಯನ್ನು ಹರಿಯುವ ನೀರಿಗೆ ಬಿಡುವುದೇ ಸರಿ.

ಗಿಡ ನೆಡುವ ಮುನ್ನ ಕಲ್ಯಾಣ್-ಡೊಂಬಿವಲಿ ಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಡಿ. ಜಾಗ ಎಲ್ಲಿ, ಗಿಡ ಯಾವುದು ಎಂಬುದರ ಜೊತೆಗೆ ನೀರು ಹಾಕುವವರು ಯಾರೆಂದೂ ಬರೆಯಿರಿ. ಒಪ್ಪಿಗೆ ಸಿಗುವುದು ಹೆಚ್ಚಾಗಿ ಆ ಕೊನೆಯ ಸಾಲಿನಿಂದಲೇ.

ನರ್ಸರಿಯಲ್ಲಿ ಕಸಿ ಸಂಪಿಗೆಯನ್ನೇ ಕೇಳಿ. ಬೀಜದ ಗಿಡ ಹೂ ಬಿಡಲು ಎಂಟು-ಹತ್ತು ವರ್ಷ ಕಾಯಿಸುತ್ತದೆ, ಕಸಿಯದು ಎರಡು-ಮೂರು ವರ್ಷಕ್ಕೇ ಹೂ ಕೊಡುತ್ತದೆ. ನಿಮ್ಮ ಅಮ್ಮನ ವಯಸ್ಸು ನೋಡಿದರೆ ಈ ವ್ಯತ್ಯಾಸ ಸಣ್ಣದಲ್ಲ. ಮೇ ಕೊನೆಗೆ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ತೋಡಿದ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಪಾಲು, ಅರ್ಧ ಕಿಲೋ ಬೇವಿನ ಹಿಂಡಿ ಸೇರಿಸಿಡಿ. ಮಳೆ ಹಿಡಿದ ಮೇಲೆ, ಜೂನ್ ಕೊನೆಯ ವಾರದಲ್ಲಿ ನೆಡಿ. ಚೀಲ ಕತ್ತರಿಸುವಾಗ ಬೇರಿನ ಹೆಂಟೆ ಒಡೆಯದಿರಲಿ, ಸಂಪಿಗೆಗೆ ಬೇರು ಅಲುಗಿದರೆ ಆಗದು. ಕಸಿ ಕೂಡಿದ ಗಂಟು ನೆಲದಿಂದ ನಾಲ್ಕು ಬೆರಳಾದರೂ ಮೇಲಿರಲಿ. ಗಂಟಿನ ಕೆಳಗಿಂದ ಚಿಗುರು ಬಂದರೆ ಆಗಾಗ ಮುರಿದುಹಾಕಿ, ಇಲ್ಲವಾದರೆ ಆ ಕಾಡು ಚಿಗುರೇ ಗಿಡವನ್ನು ನುಂಗುತ್ತದೆ.

ನೆನಪಿನ ಗಿಡಗಳಲ್ಲಿ ಬಹುಪಾಲು ಸಾಯುವುದು ಮಳೆಗಾಲದಲ್ಲಲ್ಲ, ಅದು ಮುಗಿದ ಮೇಲಿನ ಬಿಸಿಲಲ್ಲಿ. ಮೊದಲ ವರ್ಷ ಅಕ್ಟೋಬರ್‌ನಿಂದ ಮೇ ತನಕ ವಾರಕ್ಕೆ ಎರಡು ಸಲ, ಸಲಕ್ಕೆ 15ರಿಂದ 20 ಲೀಟರ್ ನೀರು ಬೇಕು. ಎರಡನೇ ವರ್ಷ ವಾರಕ್ಕೊಮ್ಮೆ 30 ಲೀಟರ್ ಸಾಕು. ದಿನವೂ ಒಂದು ಚೊಂಬು ಎರೆದರೆ ಬೇರು ಮೇಲೆಯೇ ಉಳಿದು ಏಪ್ರಿಲ್ ಬಿಸಿಲಿಗೆ ಒಣಗುತ್ತದೆ. ಮೂರು ಬೇಸಿಗೆ ದಾಟಿಸುವ ಭರವಸೆ ಇಲ್ಲವಾದರೆ ಹೊಸ ಗಿಡದ ಗೊಡವೆಗೇ ಹೋಗದೆ, ಅದೇ ಉದ್ಯಾನದಲ್ಲಿ ಈಗಾಗಲೇ ಇರುವ ಒಂದು ಮರವನ್ನು ಅಪ್ಪನ ಹೆಸರಲ್ಲಿ ನೋಡಿಕೊಳ್ಳಿ. ನಮ್ಮನ್ನು ಕೇಳಿದರೆ ಅದೇ ಮೇಲು.

ಪ್ರಶ್ನೆ: ನಮ್ಮ ಸೊಸೈಟಿಯ ಅಂಗಳದಲ್ಲಿ ದೊಡ್ಡ ಬೇವಿನ ಮರವಿದೆ. ತೀರಿಕೊಂಡ ಹಿರಿಯರ ನೆನಪಿಗೆಂದು ಎರಡು ವರ್ಷದ ಹಿಂದೆ ಸುತ್ತ ಕಟ್ಟೆ ಕಟ್ಟಿಸಿದೆವು. ಸಂಜೆ ಎಲ್ಲರೂ ಅಲ್ಲೇ ಕೂರುತ್ತೇವೆ. ಈ ವರ್ಷ ಮೇಲಿನ ಕೊಂಬೆಗಳು ಬೋಳಾಗುತ್ತಿವೆ. ರೋಗವೇ? (ಪುಣೆ, ಕೋಥ್ರೂಡ್)

ಉತ್ತರ: ರೋಗಕ್ಕಿಂತ ಕಟ್ಟೆಯ ಮೇಲೆಯೇ ನಮಗೆ ಅನುಮಾನ. ಊರಿನ ಅಶ್ವತ್ಥಕಟ್ಟೆಯ ನೆನಪಿನಲ್ಲಿ ನಾವೆಲ್ಲ ಹೀಗೆ ಕಟ್ಟಿಸುತ್ತೇವೆ. ಹಳೆಯ ಕಟ್ಟೆಗಳನ್ನು ಮರ ಚಿಕ್ಕದಿದ್ದಾಗಲೇ ಕಟ್ಟುತ್ತಿದ್ದರು, ಕಲ್ಲುಗಳ ನಡುವೆ ಗಾರೆ ಇರುತ್ತಿರಲಿಲ್ಲ. ಈಗ ಬೆಳೆದ ಮರದ ಸುತ್ತ ಎರಡಡಿ ಗೋಡೆ ಎಬ್ಬಿಸಿ, ಒಳಗೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕುತ್ತಾರೆ. ಆಹಾರ ಹೀರುವ ಬೇರುಗಳು ಹೆಚ್ಚಾಗಿ ನೆಲದ ಮೇಲ್ಪದರದ ಒಂದೂವರೆ-ಎರಡು ಅಡಿಯಲ್ಲೇ ಇರುತ್ತವೆ, ಅವಕ್ಕೆ ಗಾಳಿ ಬೇಕು. ಮೇಲೆ ಮಣ್ಣು ಬಿದ್ದರೆ ಉಸಿರು ಕಟ್ಟಿ ಸಾಯುತ್ತವೆ. ಪುಣೆಯಲ್ಲಿ ಎಷ್ಟೋ ಕಡೆ ತೆಳು ಮಣ್ಣಿನ ಕೆಳಗೆ ಮುರುಮು (ಸವೆದ ಕಲ್ಲಿನ ಗಟ್ಟಿ ಪದರ), ಅದರ ಕೆಳಗೆ ಬಂಡೆ, ಹಾಗಾಗಿ ಆಳಕ್ಕೆ ಇಳಿಯಲು ದಾರಿಯೂ ಇಲ್ಲ. ತುಂಬಿದ ಮಣ್ಣಿನಲ್ಲಿ ಹೂತ ಕಾಂಡದ ತೊಗಟೆ ಸದಾ ತೇವದಲ್ಲಿದ್ದು ಕೊಳೆಯುತ್ತದೆ.

ಕಾಂಡ ನೆಲ ಮುಟ್ಟುವಲ್ಲಿ ಹರಡಿಕೊಂಡು ಬೇರಾಗುವ ಜಾಗವೊಂದಿದೆ. ಕಟ್ಟೆಯ ಮೇಲೆ ನಿಂತು ನೋಡಿದಾಗ ನಿಮ್ಮ ಮರ ವಿದ್ಯುತ್ ಕಂಬದ ಹಾಗೆ ನೇರ ಮಣ್ಣಿಗಿಳಿದಿದ್ದರೆ ಆ ಜಾಗ ಹೂತುಹೋಗಿದೆ ಎಂದರ್ಥ. ಟೈಲ್ಸ್ ಕಿತ್ತು, ಕೈಯಿಂದ ಅಥವಾ ಸಣ್ಣ ಕುರ್ಪಿಯಿಂದ ಮಣ್ಣು ತೆಗೆಯುತ್ತ ಹಳೆಯ ನೆಲದ ಮಟ್ಟಕ್ಕೆ ಬನ್ನಿ. ಗುದ್ದಲಿ, ಜೆಸಿಬಿ ಬೇಡ. ತುಂಬಿದ ಮಣ್ಣಿನೊಳಕ್ಕೆ ಕಾಂಡದಿಂದ ಹೊಸ ಸಣ್ಣ ಬೇರು ಬಂದಿದ್ದರೆ ಒಮ್ಮೆಲೇ ಅಲ್ಲ, ಎರಡು ಮಳೆಗಾಲದಲ್ಲಿ ಅರ್ಧರ್ಧ ತೆಗೆಯಿರಿ. ಕೂರಲು ನಾಲ್ಕು ಕಾಲಿನ ಬೆಂಚು ಹಾಕಿಸಿ, ಕಾಲುಗಳು ಕಾಂಡದಿಂದ ಒಂದು ಮೀಟರ್ ಆಚೆ ಇರಲಿ. ಒಣಗಿದ ಕೊಂಬೆಯನ್ನು ನೀವೇ ಕಡಿಸಬೇಡಿ. ಮಹಾರಾಷ್ಟ್ರದ ನಗರಗಳಿಗೆ 1975ರ ಮರ ಸಂರಕ್ಷಣಾ ಕಾಯಿದೆ ಇದೆ, ಪಾಲಿಕೆಯ ವೃಕ್ಷ ಅಧಿಕಾರಿಯ ಅನುಮತಿ ಪಡೆಯಿರಿ. ಹಿರಿಯರ ಹೆಸರಿನ ಕಲ್ಲನ್ನು ಬೆಂಚಿನ ಪಕ್ಕಕ್ಕೆ ಸರಿಸಿದರೆ ಯಾರಿಗೂ ಬೇಸರವಾಗಲಾರದು.

ಪ್ರಶ್ನೆ: ಅಮ್ಮನ ನೆನಪಿಗೆ ಹಿತ್ತಲಲ್ಲಿ ಪುನರ್ಪುಳಿ ನೆಡಬೇಕೆಂದಿದ್ದೇವೆ. ನೆಲವೆಲ್ಲ ಮುರಕಲ್ಲು. ಬರುತ್ತದೆಯೇ? (ಗೋವಾ, ವಾಸ್ಕೊ)

ಉತ್ತರ: ಬರುತ್ತದೆ. ಆದರೆ ಮುರಕಲ್ಲಿನಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ತೊಟ್ಟಿಯಾಗುತ್ತದೆ. ಒಂದು ಬಕೆಟ್ ನೀರು ಸುರಿದು ಮಾರನೆಯ ದಿನ ನೋಡಿ, ನಿಂತೇ ಇದ್ದರೆ ಹಾರೆಯಿಂದ ತಗ್ಗಿನ ಕಡೆಗೆ ಒಂದು ಕಾಲುವೆ ಒಡೆಯಿರಿ. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡ ನೆಟ್ಟರೆ ಅದು ಯಾವುದೆಂದು ತಿಳಿಯಲು ಹೂ ಬಿಡುವ ತನಕ, ಅಂದರೆ ಆರೇಳು ವರ್ಷ ಕಾಯಬೇಕು. ಗಂಡಾದರೆ ಸಾರಿಗೆ ಹಣ್ಣಿಲ್ಲ. ದಾಪೋಳಿ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ ಅಮೃತಾ’ ತಳಿಯ ಕಸಿ ಸಿಕ್ಕರೆ ಒಳ್ಳೆಯದು. ಅಡ್ಡ ಕೊಂಬೆಯಿಂದ ಮಾಡಿದ ಕಸಿ ಮರವಾಗಿ ಏರದೆ ಪೊದೆಯಂತೆ ಹರಡುತ್ತದೆ, ನೆಟ್ಟಗೆ ನಿಂತ ಚಿಗುರಿನದೇ ಎಂದು ಕೇಳಿ ಕೊಳ್ಳಿ. ಸಮುದ್ರದ ಗಾಳಿ ನೇರ ಬಡಿಯದ, ಅರೆ ನೆರಳಿನ ಜಾಗ ಆರಿಸಿ. ಮುಂದೆಂದಾದರೂ ಕಡಿಯುವ ಪ್ರಸಂಗ ಬಂದರೆ ಗೋವಾದ 1984ರ ಮರ ಸಂರಕ್ಷಣಾ ಕಾಯಿದೆ ಖಾಸಗಿ ಜಾಗಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಮನೆಯ ಗೋಡೆಯಿಂದ 15 ಅಡಿ ದೂರವಿಡಿ.

ಪ್ರಶ್ನೆ: ಯಜಮಾನರು ಹೋದ ಮೇಲೆ ದಿನಾ ಬೆಳಿಗ್ಗೆ ಫೈವ್ ಗಾರ್ಡನ್ಸ್‌ಗೆ ಹೋಗಿ ಒಂದು ಮರದ ಕೆಳಗೆ ಕೂರುತ್ತೇನೆ. ಅಲ್ಲಿ ಮನಸ್ಸು ಹಗುರಾಗುತ್ತದೆ. ನನ್ನಂತೆ ಒಂಟಿಯಾಗಿ ಕೂರುವವರು ಇನ್ನೂ ಇದ್ದಾರೆ. ಮಾತಾಡಿಸಲು ಸಂಕೋಚ. ಒಂದು ಗುಂಪು ಕಟ್ಟಬಹುದೇ? (ಮುಂಬೈ, ಮಾಟುಂಗಾ)

ಉತ್ತರ: ಕಟ್ಟಬಹುದು, ಅಮ್ಮ. ಆದರೆ ‘ದುಃಖ ಹಂಚಿಕೊಳ್ಳೋಣ ಬನ್ನಿ’ ಎಂದು ಕರೆದರೆ ಯಾರೂ ಬರುವುದಿಲ್ಲ, ಕೆಲಸಕ್ಕೆ ಕರೆದರೆ ಬರುತ್ತಾರೆ. ‘ಈ ಮರ ಯಾವುದು, ಗೊತ್ತೇ?’ ಎಂದು ಪಕ್ಕದವರನ್ನು ಕೇಳಿ, ಸಾಕು. ವಾರಕ್ಕೊಂದು ದಿನ, ಒಂದೇ ಹೊತ್ತು, ಒಂದೇ ಮರದ ಕೆಳಗೆ ಎಂದು ಗೊತ್ತುಮಾಡಿ. ಆರರಿಂದ ಎಂಟು ಜನ ಹಿತ. ಹನ್ನೆರಡು ದಾಟಿದರೆ ಅದು ಸಭೆಯಾಗುತ್ತದೆ, ಅಧ್ಯಕ್ಷರು ಹುಟ್ಟಿಕೊಳ್ಳುತ್ತಾರೆ. ಮಾಟುಂಗಾದಲ್ಲೇ ಮೈಸೂರು ಅಸೋಸಿಯೇಷನ್ ಇದೆ, ಕನ್ನಡದವರು ಬೇಕೆಂದರೆ ಅಲ್ಲಿ ವಿಚಾರಿಸಿ.

ಒಂದು ನೋಟ್‌ಬುಕ್ ಇಡಿ. ಪ್ರತಿಯೊಬ್ಬರೂ ಒಂದು ಮರ ಆರಿಸಿಕೊಂಡು, ಎಲೆ ಉದುರಿದ್ದು, ಚಿಗುರಿದ್ದು, ಹೂ ಬಿಟ್ಟಿದ್ದು ಯಾವ ತಾರೀಖಿಗೆ ಎಂದು ಬರೆಯಲಿ. ಬೂರುಗ ಬೋಳಾಗಿ ನಿಂತು ಕೆಂಪು ಹೂ ಬಿಡುವುದು ಜನವರಿ-ಫೆಬ್ರವರಿಯ ಹೊತ್ತಿಗೆ. ಅರಳಿ ಮಾರ್ಚ್ ಸುಮಾರಿಗೆ ತಾಮ್ರದ ಬಣ್ಣದ ಚಿಗುರು ತರುತ್ತದೆ. ಏಪ್ರಿಲ್-ಮೇಯಲ್ಲಿ ಹೊಳೆದಾಸವಾಳ ನೇರಳೆ ಬಣ್ಣದ ಹೂ ಬಿಡುತ್ತದೆ, ಮಹಾರಾಷ್ಟ್ರದ ರಾಜ್ಯಪುಷ್ಪ ಅದೇ, ಮರಾಠಿಯವರು ತಾಮ್ಹಣ್ ಎನ್ನುತ್ತಾರೆ. ತಾರೀಖು ಬರೆಯುವ ನೆಪದಲ್ಲಿ ಮಾತು ಬರುತ್ತದೆ. ಬರದಿದ್ದರೂ ಸರಿ. ಹೊಸಬರನ್ನು ‘ಏನಾಗಿತ್ತು ಅವರಿಗೆ?’ ಎಂದು ಯಾರೂ ಕೇಳಬಾರದೆಂಬ ಒಂದು ನಿಯಮ ಮಾತ್ರ ಇಟ್ಟುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮರದ ಕೆಳಗೆ ಕೂರುವ ಮುಂಚೆ ಬುಡ ನೋಡಿ. ಬುಡದಲ್ಲಿ ಅಣಬೆ ಎದ್ದಿದ್ದರೆ, ಒಂದು ಕಡೆ ನೆಲ ಬಿರಿದು ಮೇಲೆದ್ದಿದ್ದರೆ, ಮರ ಹೊಸದಾಗಿ ವಾಲಿದ್ದರೆ ದೂರವಿರಿ, ಪಾಲಿಕೆಯ 1916ಕ್ಕೆ ಫೋನ್ ಮಾಡಿ. ಗುಲ್‌ಮೊಹರ್ ಕೊಂಬೆ ಬಲು ಪೆಡಸು, ಗಾಳಿ ಮಳೆಯಲ್ಲಿ ಅದರ ಕೆಳಗೆ ನಿಲ್ಲಲೇಬೇಡಿ. ಇನ್ನೊಂದು ಮಾತು: ತಿಂಗಳುಗಟ್ಟಲೆ ನಿದ್ದೆ, ಊಟ ಬಿಟ್ಟವರು ಅಥವಾ ಬದುಕೇ ಬೇಡವೆನ್ನುವವರು ಗುಂಪಿನಲ್ಲಿದ್ದರೆ ಮರದ ನೆರಳು ಸಾಲದು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಅವರಿಂದ ಕರೆ ಮಾಡಿಸಿ, ಜೊತೆಗೆ ಕೂತುಕೊಳ್ಳಿ.

ಪ್ರಶ್ನೆ: ಅಣ್ಣನ ಹೆಸರಿನ ಫಲಕವನ್ನು ಮರಕ್ಕೆ ಮೊಳೆ ಹೊಡೆಯದೆ ತಂತಿಯಿಂದ ಕಟ್ಟಬಹುದೇ? (ಠಾಣೆ)

ಉತ್ತರ: ತಂತಿ ಮೊಳೆಗಿಂತ ಕೆಟ್ಟದ್ದು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಕಾಂಡ ದಪ್ಪವಾದಂತೆ ತಂತಿ ಆ ಪದರವನ್ನೇ ಸುತ್ತಲೂ ಕತ್ತರಿಸುತ್ತದೆ, ತಂತಿಯ ಮೇಲೆ ಕಾಂಡ ಉಬ್ಬುತ್ತದೆ, ಕೆಳಗೆ ಬೇರು ಉಪವಾಸ ಬೀಳುತ್ತದೆ. ಫಲಕವನ್ನು ಕಬ್ಬಿಣದ ಪಟ್ಟಿಗೆ ಬೆಸೆಸಿ, ಕಾಂಡದಿಂದ ಎರಡಡಿ ದೂರದಲ್ಲಿ ನೆಲಕ್ಕೆ ಊರಿ. ಹೂಳುವ ಭಾಗ ಒಂದಡಿ ಇದ್ದರೆ ಸಾಕು, ಕಾಂಕ್ರೀಟ್ ಹಾಕಬೇಡಿ. ಸಾರ್ವಜನಿಕ ಜಾಗವಾದರೆ ಅದಕ್ಕೂ ಉದ್ಯಾನ ವಿಭಾಗದ ಒಪ್ಪಿಗೆ ಬೇಕು.