ಪ್ರತಿ: ಫ್ಲೆಕ್ಸ್ ಜಾಗಕ್ಕೆ ರನ್ನಿಂಗ್ ಬ್ಯಾಕಾ, ವೈಡ್ ರಿಸೀವರಾ?

ನಿಮ್ಮದು ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್) ಫ್ಯಾಂಟಸಿ ಲೀಗ್, ಅದೂ ಫುಲ್ ಪಿಪಿಆರ್, ಅಂದರೆ ಕ್ಯಾಚ್‌ಗೂ ಪಾಯಿಂಟ್ ಕೊಡುವ ಲೀಗ್ ಅಂದಿರಲ್ಲ. ಹಾಗಾದರೆ ಫ್ಲೆಕ್ಸ್‌ಗೆ, ಅಂದರೆ ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ ಯಾರನ್ನಾದರೂ ಇಡಬಹುದಾದ ಜಾಗಕ್ಕೆ, ಪಾಸ್ ಹಿಡಿಯುವ ರಿಸೀವರನ್ನೇ ಹಾಕಿ. 10 ಗಜಕ್ಕೆ 1 ಪಾಯಿಂಟ್, ಪ್ರತಿ ಕ್ಯಾಚ್‌ಗೆ 1. ಅವನು 6 ಕ್ಯಾಚ್ ಹಿಡಿದು 60 ಗಜ ಗಳಿಸಿದರೆ 12 ಬಂತು. ನಿಮ್ಮ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಪಾಸ್ ಹಿಡಿಯುವುದು ಕಡಿಮೆ ಅಂತೀರಿ. 15 ಸಲ ಓಡಿ ಅದೇ 60 ಗಜ ಗಳಿಸಿದರೂ ಬರೀ 6. ಟಚ್‌ಡೌನ್‌ನ 6 ಪಾಯಿಂಟ್ ಬಂದರೆ ಮಾತ್ರ ಸಮ. ಅದನ್ನು ನಂಬಿಕೊಂಡು ಕೂರುವುದು ಕಷ್ಟ ಅಲ್ವಾ? ಈ ರನ್ನಿಂಗ್ ಬ್ಯಾಕ್‌ನ ತಂಡದ ಮುಖ್ಯ ಓಟಗಾರನಿಗೆ ಗಾಯವಾಗಿದ್ದರೆ ಮಾತ್ರ ನಾನು ಇವನನ್ನು ಆಡಿಸುತ್ತೇನೆ. ಆಗ ಚೆಂಡು ಇವನಿಗೇ ಜಾಸ್ತಿ ಸಿಗುತ್ತದೆ.

ದಯವಿಟ್ಟು ಗುರುವಾರ ಆಡುವವನನ್ನು ಫ್ಲೆಕ್ಸ್‌ನಲ್ಲಿ ಇಡಬೇಡಿ, ಅವನ ಸ್ವಂತ ಜಾಗದಲ್ಲೇ ಇಡಿ. ಆಗ ಫ್ಲೆಕ್ಸ್ ಜಾಗ ಬದಲಿಸಲು ಉಳಿದಿರುತ್ತದೆ; ಭಾನುವಾರ ಯಾರಾದರೂ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ, ಫ್ಲೆಕ್ಸ್‌ಗೆ ಟೈಟ್ ಎಂಡ್ ಆದರೂ ತರಬಹುದು.